14 ಎಂಎಂನಲ್ಲಿ ತುದಿಯವರ ಮುಖ ಉಬ್ಬೋದು: ಲೆನ್ಸ್ ಕೆಟ್ಟಿಲ್ಲ
ತುಂಬಾ ಅಗಲ ಹಿಡಿಯೋ 14 ಎಂಎಂ ಲೆನ್ಸ್‌ನಲ್ಲಿ ತೆಗೆದ ಮದುವೆ ಗ್ರೂಪ್ ಫೋಟೋದಲ್ಲಿ ತುದಿಯವರ ಮುಖ ಅಡ್ಡಕ್ಕೆ ಎಳೆದ ಹಾಗಿದೆ, ಲೆನ್ಸ್ ಪ್ರೊಫೈಲ್ (ಲೆನ್ಸಿನ ದೋಷ ಸರಿಪಡಿಸೋ ಎಡಿಟಿಂಗ್ ಸೆಟ್ಟಿಂಗ್) ಹಾಕಿದರೂ ಹೋಗ್ತಿಲ್ಲ ಅಂದಿದ್ದೀರಿ. ಫೋಟೋ ನೋಡದೆ ಹೇಳ್ತಿದ್ದೀನಿ, ಆದರೆ ಹಿಂದಿನ ಗೋಡೆ, ಕಂಬ ನೆಟ್ಟಗೇ ಇದ್ದರೆ ಇದು ಬ್ಯಾರೆಲ್ ಡಿಸ್ಟಾರ್ಷನ್ (ನೇರ ಗೆರೆ ಹೊರಕ್ಕೆ ಬಾಗೋ ಲೆನ್ಸ್ ದೋಷ) ಅಲ್ಲ. ಆಕಾರದ ವಿಷಯದಲ್ಲಿ ಪ್ರೊಫೈಲ್ ಬಾಗಿದ ಗೆರೆಯನ್ನಷ್ಟೇ ನೆಟ್ಟಗೆ ಮಾಡುತ್ತೆ, ಆ ಕೆಲಸದಲ್ಲಿ ಮೂಲೆಗಳನ್ನು ಇನ್ನಷ್ಟು ಎಳೆಯುತ್ತೆ. ಗೆರೆ ನೇರವಾಗಿಟ್ಟು ಅಷ್ಟು ಅಗಲ ಹಿಡಿಯೋ ಯಾವ ಲೆನ್ಸಾದರೂ ಅಂಚಿನ ದುಂಡು ತಲೆಯನ್ನು ಮೊಟ್ಟೆ ಮಾಡುತ್ತೆ. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್) ಕ್ಯಾಮೆರಾದಲ್ಲಿ 14 ಎಂಎಂ ಅಂದ್ರೆ ತೀರಾ ತುದಿಯ ತಲೆ ಸುಮಾರು 1.6 ಪಟ್ಟು ಅಗಲ. 24ಕ್ಕೆ 1.25, 35ಕ್ಕೆ 1.1ರ ಆಸುಪಾಸು.

ತೆಗೆದಾಗಿರೋ ಫೋಟೋಗೆ ಮೊದಲು ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನ ಲೆನ್ಸ್ ಕರೆಕ್ಷನ್ಸ್‌ನಲ್ಲಿ ಡಿಸ್ಟಾರ್ಷನ್ ಸ್ಲೈಡರನ್ನು 100ರಿಂದ ಕೆಳಗಿಳಿಸಿ ನೋಡಿ. ಪ್ರೊಫೈಲಿನ ಎಳೆತ ಕಡಿಮೆಯಾಗಿ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಅಲ್ಲ. ಸಾಲದಿದ್ದರೆ ಇನ್ನೊಂದು ಸಾಫ್ಟ್‌ವೇರ್ ಡಿಎಕ್ಸ್‌ಓ ವ್ಯೂಪಾಯಿಂಟ್‌ನಲ್ಲಿ ಅಂಚಿನ ಮುಖಗಳ ಎಳೆತ ಸರಿಪಡಿಸೋ ವಾಲ್ಯೂಮ್ ಡಿಫಾರ್ಮೇಷನ್ ಅನ್ನೋ ಆಯ್ಕೆ ಇದೆ, ಅದನ್ನು ಹಾಕಿ. ಮುಖ ಸರಿಹೋಗುತ್ತೆ, ಬದಲಿಗೆ ಮಂಟಪದ ಅಡ್ಡಗೆರೆಗಳು ಬಾಗುತ್ವೆ. ಬಾಗಲಿ ಬಿಡಿ. ಆಲ್ಬಮ್ ತೆಗೆದವರು ಹುಡುಕೋದು ತಮ್ಮ ಮುಖ, ಮಂಟಪವನ್ನಲ್ಲ.

ಮುಂದಿನ ಸಲ ಹಿಂದಕ್ಕೆ ಸರಿದು 24 ಅಥವಾ 35ರಲ್ಲಿ ತೆಗೀರಿ. ಛತ್ರದಲ್ಲಿ ಜಾಗವೇ ಇಲ್ಲ ಅಂದ್ರೆ ಜನರನ್ನು ಎರಡು ಸಾಲು ಮಾಡಿ, ಎರಡೂ ಪಕ್ಕ ಇಬ್ಬಿಬ್ಬರು ನಿಲ್ಲೋಷ್ಟು ಖಾಲಿ ಬಿಟ್ಟು ಆಮೇಲೆ ಕ್ರಾಪ್ ಮಾಡಿ. ಅರ್ಧಚಂದ್ರಾಕಾರದಲ್ಲಿ ಮಾತ್ರ ನಿಲ್ಲಿಸಬೇಡಿ, ತುದಿಯವರು ಕ್ಯಾಮೆರಾಗೆ ಹತ್ತಿರ ಬಂದು ಇನ್ನೂ ದಪ್ಪ ಕಾಣ್ತಾರೆ. ಕ್ಯಾಮೆರಾ ಎದೆಮಟ್ಟದಲ್ಲಿ, ಮೇಲಕ್ಕೂ ಕೆಳಕ್ಕೂ ವಾಲದ ಹಾಗೆ ಹಿಡೀರಿ.