ತಾಂಬೂಲದ ಚೀಲದಲ್ಲಿ ಬೆಳ್ಳಿ ಭರಣಿ

ವರಮಹಾಲಕ್ಷ್ಮಿ, ಗೌರಿ ಹಬ್ಬ, ಶಿಕ್ಷಕರ ದಿನ ಎಲ್ಲ ಹತ್ತಿರಹತ್ತಿರವೇ ಬರುತ್ತವೆ. ಆಗ ಪೋಷಕರಿಂದ ತೆಗೆದುಕೊಂಡ ಉಡುಗೊರೆ ಟೀಚರ್‌ಗಳ ನಿದ್ದೆ ಕೆಡಿಸುವುದು ಪರೀಕ್ಷೆ ಹೊತ್ತಿಗೆ. ಇಂಥವರು ಆಪ್ತ ಸಲಹೆಗಾರ್ತಿಯಾದ ನನ್ನ ಹತ್ತಿರ ಪದೇ ಪದೇ ಬರುತ್ತಾರೆ. ಒಬ್ಬರ ವಿಷಯ ಮಾತ್ರ ಬರೆಯುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಗಣಿತ ಹೇಳಿಕೊಡುವವರು. ಮೊದಮೊದಲು ಕೆಲಸದ ಒತ್ತಡ ಅಂತಲೇ ಹೇಳಿದರು. ಆಮೇಲೆ ವಿಷಯ ಹೊರಗೆ ಬಂತು. ವಿದ್ಯಾರ್ಥಿನಿಯೊಬ್ಬಳ ತಾಯಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಮನೆಗೆ ಬಂದು ಚೀಲ ಬಿಚ್ಚಿದರೆ ತೆಂಗಿನಕಾಯಿ, ಬ್ಲೌಸ್ ಪೀಸಿನ ಅಡಿಯಲ್ಲಿ ಬೆಳ್ಳಿಯ ಕುಂಕುಮ ಭರಣಿ. ದಸರಾ ರಜೆಯಲ್ಲಿ ಅದೇ ಮನೆಯವರ ಹೋಂಸ್ಟೇನಲ್ಲಿ ಎರಡು ರಾತ್ರಿ, ದುಡ್ಡು ತೆಗೆದುಕೊಳ್ಳಲಿಲ್ಲ.

“ಮುತ್ತೈದೆಗೆ ಕೊಟ್ಟಿದ್ದನ್ನ ಬೇಡ ಅನ್ನೋಕಾಗತ್ತಾ ಮೇಡಂ?” ಎಂದರು.

“ಆ ಹುಡುಗಿಗೆ ಮಾರ್ಕ್ಸ್ ಜಾಸ್ತಿ ಕೊಟ್ಟಿರಾ?”

ತುಂಬ ಹೊತ್ತು ಸುಮ್ಮನಿದ್ದರು. ಬ್ಯಾಗಿನ ಜಿಪ್ ಎಳೆಯುವುದು, ಬಿಡುವುದು. ಕೊನೆಗೆ, “ಇಲ್ಲ ಮೇಡಂ. ಕಡಿಮೆ ಕೊಟ್ಟೆ. ನಾವೇ ಸ್ಕೂಲಲ್ಲಿ ಹಾಕೋ ಇಂಟರ್ನಲ್ ಮಾರ್ಕ್ಸ್ 20ಕ್ಕೆ 19 ಬರಬೇಕಿತ್ತು. ಯಾರೂ ಮಾತಾಡಬಾರದು ಅಂತ 16 ಹಾಕಿದೆ,” ಎಂದು ಅತ್ತರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಉಡುಗೊರೆ ಅಂದರೆ ಪಕ್ಷಪಾತ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ತಾನು ಪ್ರಾಮಾಣಿಕಳು ಅಂತ ತೋರಿಸಿಕೊಳ್ಳಲು ಟೀಚರ್ ಮಗುವಿನ ಅಂಕ ಕಿತ್ತುಕೊಂಡಿದ್ದರು. ಭರಣಿಯ ವಿಷಯ ಆ ಹುಡುಗಿಗೆ ಗೊತ್ತೇ ಇರಲಿಲ್ಲ.

ನಾನು ನೇರವಾಗಿ ಹೇಳಿದೆ: ಅಂಕ ಇನ್ನೂ ಅಪ್‌ಲೋಡ್ ಆಗಿಲ್ಲ ಅಲ್ವಾ, ನಾಳೆಯೇ ಇನ್ನೊಬ್ಬ ಗಣಿತ ಟೀಚರ್ ಕೈಲಿ ಅವಳ ಟೆಸ್ಟ್ ಪೇಪರ್, ನೋಟ್‌ಬುಕ್ ನೋಡಿಸಿ. ಉಡುಗೊರೆಯ ವಿಷಯ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಹೋಂಸ್ಟೇ ಬಾಡಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಭರಣಿ ನೀವೇ ಹೋಗಿ ವಾಪಸ್ ಕೊಡಿ. ಅರಿಶಿನ ಕುಂಕುಮ, ಕಾಯಿ ನಿಮ್ಮದೇ, ಅದನ್ನು ಯಾರೂ ಕೇಳುವುದಿಲ್ಲ.

ಸಲಹೆಗಾರರು ಹೀಗೆ ಮಾಡಿ ಎಂದು ಹೇಳಬಾರದು, ದಾರಿ ಅವರೇ ಕಂಡುಕೊಳ್ಳಬೇಕು ಎಂದು ನನ್ನ ಜೊತೆ ಕೆಲಸ ಮಾಡುವವರು ಆಕ್ಷೇಪಿಸಿದರು. ಸಾಮಾನ್ಯವಾಗಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಇಲ್ಲಿ ನಷ್ಟ ಆಗುತ್ತಿದ್ದದ್ದು ನನ್ನೆದುರು ಇಲ್ಲದ ಮಗುವಿಗೆ. ಅವಳ ಪರವಾಗಿ ಯಾರಾದರೂ ಮಾತಾಡಲೇಬೇಕಿತ್ತು.

ನಿಯಮ ಅಷ್ಟೇನೂ ಕಟುವಲ್ಲ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 13ನೆಯದು ಉಡುಗೊರೆಯದು. ಯಾವಾಗಲಾದರೂ ಒಮ್ಮೆ ಮಾಡಿದ ಊಟ, ದಾರಿಯಲ್ಲಿ ಹತ್ತಿಸಿಕೊಂಡ ಲಿಫ್ಟ್ ಅದರ ಪ್ರಕಾರ ಉಡುಗೊರೆಯಲ್ಲ. ಕೆಲಸದ ಸಂಬಂಧ ಇರುವವರು ಕೊಡುವ ಪುಕ್ಕಟೆ ವಸತಿ, ಪ್ರಯಾಣ ಉಡುಗೊರೆಯೇ. ಹಬ್ಬದೂಟ ಮಾಡಿ ಬಂದಿದ್ದಕ್ಕೆ ಈ ಟೀಚರ್ ಕೊರಗಬೇಕಿರಲಿಲ್ಲ.

ಭರಣಿ ವಾಪಸ್ ಕೊಟ್ಟಾಗ ಹುಡುಗಿಯ ತಾಯಿ ಮೊದಲು ಮುಖ ಸಣ್ಣದು ಮಾಡಿಕೊಂಡರಂತೆ. ಅಂಕ ಸರಿಯಾಯಿತು.

ಮುಖ್ಯೋಪಾಧ್ಯಾಯರಿಗೆ ನನ್ನದೊಂದು ಕೋರಿಕೆ. ವರ್ಷದ ಮೊದಲ ಪೋಷಕರ ಸಭೆಯಲ್ಲೇ ಹೇಳಿಬಿಡಿ: ಮಕ್ಕಳು ಬರೆದ ಕಾರ್ಡು, ಒಂದು ಹೂವು ಸಾಕು, ಬೇರೇನೂ ಬೇಡ. ಹಬ್ಬದ ದಿನ ಇನ್ನೊಬ್ಬರ ಹೊಸಿಲಲ್ಲಿ ನಿಂತು ಒಬ್ಬಳೇ ಬೇಡ ಅನ್ನುವುದು ಯಾವ ಟೀಚರ್‌ಗೂ ಸುಲಭವಲ್ಲ. “ನಮ್ಮ ಸ್ಕೂಲಲ್ಲಿ ಒಪ್ಪಲ್ಲಮ್ಮ” ಅನ್ನುವುದು ಸುಲಭ.