ಅಮೆರಿಕದ ಬಡತನ ರೇಖೆ ನಿಜವಾದ ಖರ್ಚಿಗೆ ಹತ್ತಿರ ಇದೆಯೇ?

ನೀವು ಕೇಳಿದ್ದು, ಅಮೆರಿಕದಲ್ಲಿ ಬಡತನ ರೇಖೆಗಿಂತ ಸ್ವಲ್ಪ ಮೇಲಿರುವ ಕುಟುಂಬಕ್ಕೂ ತಿಂಗಳು ಕಳೆಯುವುದು ಯಾಕೆ ಇಷ್ಟು ಕಷ್ಟ ಎಂದು. ತೊಂದರೆ ಇರುವುದು ರೇಖೆಯ ಹುಟ್ಟಿನಲ್ಲೇ.

1960ರ ದಶಕದ ಆರಂಭದಲ್ಲಿ ಸರ್ಕಾರಿ ಅರ್ಥಶಾಸ್ತ್ರಜ್ಞೆ ಮಾಲಿ ಓರ್ಷಾನ್ಸ್ಕಿ ಸರ್ಕಾರದ ಅತಿ ಅಗ್ಗದ ಊಟದ ಪಟ್ಟಿಯ ವೆಚ್ಚವನ್ನು ಮೂರರಿಂದ ಗುಣಿಸಿದರು, ಅದೇ ಬಡತನ ರೇಖೆಯಾಯಿತು. 1955ರ ಸಮೀಕ್ಷೆ ಪ್ರಕಾರ ಕುಟುಂಬಗಳ ಆದಾಯದ ಮೂರನೇ ಒಂದು ಪಾಲು ಊಟಕ್ಕೆ ಹೋಗುತ್ತಿತ್ತು, ಅದಕ್ಕೇ ಮೂರು. ಆ ಪಟ್ಟಿಯೋ, ಕೈಯಲ್ಲಿ ಕಾಸಿಲ್ಲದಾಗ ತಾತ್ಕಾಲಿಕವಾಗಿ ಬಳಸಲೆಂದು ಮಾಡಿದ್ದು! ಆಮೇಲೆ ಬೆಲೆ ಸೂಚ್ಯಂಕದಂತೆ ಮೊತ್ತ ಏರಿತು, ಲೆಕ್ಕದ ಬುಡ ಬದಲಾಗಲಿಲ್ಲ. ಈಗ ಊಟದ ಪಾಲು ತುಂಬ ಇಳಿದಿದೆ, ಬಾಡಿಗೆ, ಮಕ್ಕಳ ಪಾಲನೆ, ಚಿಕಿತ್ಸೆ ಆ ಜಾಗ ನುಂಗಿವೆ.

ಸರ್ಕಾರಿ ನೆರವಿನ ಅರ್ಹತೆಗೆ ಬಳಸುವುದು ಇದೇ ರೇಖೆಯ ಸರಳ ರೂಪವಾದ ಬಡತನ ಮಾರ್ಗಸೂಚಿಯನ್ನು. 2024ರ ಮಾರ್ಗಸೂಚಿಯಲ್ಲಿ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 31,200 ಡಾಲರ್, ಅಂದರೆ ತಿಂಗಳಿಗೆ 2,600. ಹಳೆಯ ಲೆಕ್ಕದಂತೆ ಊಟಕ್ಕೆ 867 ತೆಗೆದಿಟ್ಟರೆ ಉಳಿಯುವುದು 1,733. ಬಾಡಿಗೆ, ಕರೆಂಟು, ಕಾರು, ವಿಮೆ, ಔಷಧಿ ಎಲ್ಲ ಅದರಲ್ಲೇ. ಅಲಾಸ್ಕಾ, ಹವಾಯಿ ಬಿಟ್ಟರೆ ದುಬಾರಿ ನಗರಕ್ಕೂ ಸಣ್ಣ ಊರಿಗೂ ಇದೇ ಮೊತ್ತ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2011ರಿಂದ ಜನಗಣತಿ ಇಲಾಖೆ ಬಡತನದ ಪೂರಕ ಅಳತೆಯನ್ನೂ ಪ್ರಕಟಿಸುತ್ತಿದೆ. ಅದು ಊರಿನ ವಸತಿ ವೆಚ್ಚ ನೋಡುತ್ತದೆ, ಆಹಾರ ನೆರವನ್ನು ಆದಾಯಕ್ಕೆ ಸೇರಿಸುತ್ತದೆ, ತೆರಿಗೆ ಮತ್ತು ಕೈಯಿಂದ ಕಟ್ಟಿದ ವೈದ್ಯಕೀಯ ಖರ್ಚನ್ನು ಕಳೆಯುತ್ತದೆ. ಪರಿಸ್ಥಿತಿ ತಿಳಿಯಲು ಅದನ್ನೇ ನೋಡಿ. ಆದರೆ ನೆರವಿಗೆ ಅರ್ಜಿ ಹಾಕುವಾಗ ನಡೆಯುವುದು ಮಾರ್ಗಸೂಚಿಯೇ, ಅದೂ ಶೇಕಡಾವಾರು: ಆಹಾರ ನೆರವಿಗೆ ಸಾಮಾನ್ಯವಾಗಿ ಒಟ್ಟು ಆದಾಯ ಅದರ 130%ರ ಒಳಗಿರಬೇಕು. ಹಾಗಾಗಿ ರೇಖೆಗಿಂತ ಮೇಲಿದ್ದೇವೆಂದು ಅರ್ಜಿ ಹಾಕದೆ ಬಿಡಬೇಡಿ.