ಮೊಳೆಗೆ ನೇತುಹಾಕಿದ ಗಾಗಲ್ಸ್

ದಾವಣಗೆರೆಯಲ್ಲಿ ಗ್ಯಾರೇಜ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮಲ್ಲಿ ಆರು ಜನ ಹುಡುಗರಿದ್ದಾರೆ. ಹೋದ ವರ್ಷ ಎರಡು ಗಾಗಲ್ಸ್ ತಂದು ಗ್ರೈಂಡರ್ ಪಕ್ಕದ ಮೊಳೆಗೆ ಹಾಕಿದೆ. ಒಬ್ಬನೂ ಮುಟ್ಟುವುದಿಲ್ಲ. ಕೇಳಿದರೆ 'ಹಾಕ್ಕಂಡ್ರೆ ಏನೂ ಕಾಣಲ್ಲಣ್ಣ' ಅಂತಾರೆ. ಹೋದ ತಿಂಗಳು ಒಬ್ಬನ ಕಣ್ಣಿಗೆ ಕಿಡಿ ಬಿದ್ದು ನಾಲ್ಕು ದಿನ ರಜೆ. ನಮ್ಮ ಅಪ್ಪ ನಲವತ್ತು ವರ್ಷ ಬರಿಗಣ್ಣಲ್ಲಿ ಕೆಲಸ ಮಾಡಿದವರು, ಏನೂ ಆಗಿಲ್ಲ. 'ಕೈ ಹಿಡಿತದಲ್ಲಿದ್ದರೆ ಕಣ್ಣಿಗೆ ಯಾಕೆ ಬರುತ್ತೆ' ಅನ್ನುತ್ತಾರೆ. ಈಗಿನ ಹುಡುಗರಿಗೆ ಭಯವೂ ಇಲ್ಲ, ಬುದ್ಧಿಯೂ ಇಲ್ಲ. ಇವರನ್ನು ತಿದ್ದುವುದು ಹೇಗೆ? ಅಂದಹಾಗೆ, ಅಪ್ಪ ನಿಮ್ಮ ಪತ್ರಿಕೆಯನ್ನು ಇವತ್ತಿಗೂ ಬಿಡದೆ ಓದುತ್ತಾರೆ, ಮುಖ ಎಡಕ್ಕೆ ತಿರುಗಿಸಿ, ಬಲಗಣ್ಣಿನ ಹತ್ತಿರ ಹಿಡಿದುಕೊಂಡು."

ಹುಡುಗರಿಗೆ ಉಡಾಫೆ ಇದೆ, ಒಪ್ಪಿದೆ. ಆ ವಯಸ್ಸಿನಲ್ಲಿ ನನಗೂ ಇತ್ತು. ಪೊಲೀಸರು ಕಾಣುವವರೆಗೂ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸಿದವನು ನಾನು. ಅವರ ತಪ್ಪಿನ ಲೆಕ್ಕ ಇಲ್ಲಿಗೆ ಮುಗಿಯಿತು. ಇನ್ನು ನಿಮ್ಮ ಕಡೆ ಬರೋಣ.

ಆರು ಜನಕ್ಕೆ ಎರಡು ಗಾಗಲ್ಸ್ ಅಂದಿರಿ. ಮನೆಯಲ್ಲಿ ಆರು ಜನಕ್ಕೆ ಎರಡು ಟವೆಲ್ ಇಟ್ಟು, ಯಾರೂ ಸ್ನಾನ ಮಾಡುವುದಿಲ್ಲ ಎಂದು ದೂರುತ್ತೀರಾ? ಇನ್ನೊಬ್ಬನ ಬೆವರು ಮೆತ್ತಿದ ಪಟ್ಟಿಯನ್ನು ಹಣೆಗೆ ಕಟ್ಟಿಕೊಳ್ಳಲು ಯಾರಿಗೂ ಮನಸ್ಸಾಗದು. ಆ ಗಾಗಲ್ಸ್ ಈಗ ಹೇಗಿರಬಹುದು ಎಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. ಮಜ್ಜಿಗೆ ಬಳಿದ ಹಾಗೆ ಮಸುಕಾಗಿರುತ್ತದೆ. ಅದರ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್. ಹಾರಿ ಬಂದ ಚೂರಿನ ಏಟನ್ನು ಅದು ತಡೆಯುತ್ತದೆ. ಥಿನ್ನರ್, ಪೆಟ್ರೋಲ್ ತಾಗಿದರೆ ಮಾತ್ರ ಸಣ್ಣ ಸಣ್ಣ ಬಿರುಕು ಬಿಟ್ಟು ಕುರುಡಾಗುತ್ತದೆ. ನಿಮ್ಮ ಹುಡುಗರು ಅದನ್ನು ಯಾವುದರಲ್ಲಿ ಒರೆಸುತ್ತಾರೆ? ಕೈ ಒರೆಸುವ ಬನಿಯನ್ ವೇಸ್ಟಿನಲ್ಲಿ. ಅದರ ತುಂಬ ಕಬ್ಬಿಣದ ಪುಡಿ, ಮೇಲೆ ಪೆಟ್ರೋಲು. ಮೂರು ವಾರ ಹಾಗೆ ಒರೆಸಿದರೆ 'ಕಾಣಲ್ಲಣ್ಣ' ಅನ್ನುವುದು ನೆವವಲ್ಲ, ಸತ್ಯ. ಮಂಜಾಗಿ ಏನೂ ಕಾಣದ ಗಾಗಲ್ಸ್ ಹಾಕಿಕೊಂಡು ತಿರುಗುವ ಡಿಸ್ಕಿನ ಮುಂದೆ ನಿಲ್ಲುವುದಕ್ಕಿಂತ ತೆಗೆದಿಡುವುದೇ ವಾಸಿ ಎಂದು ಅವರು ತೀರ್ಮಾನಿಸಿದ್ದರೆ ಬುದ್ಧಿ ಇಲ್ಲದ್ದು ಯಾರಿಗೆ?

ತಲೆಗೊಂದು ಕೊಡಿಸಿ, ಪಟ್ಟಿಯ ಮೇಲೆ ಅವರವರ ಹೆಸರು ಬರೆಸಿ. ಸೋಪಿನ ನೀರಲ್ಲಿ ತೊಳೆದು ಒಣಗಿಸಿದರೆ ಉಸಿರಿನ ಹಬೆಯೂ ಅಷ್ಟಾಗಿ ಕಟ್ಟುವುದಿಲ್ಲ. ಗೀರು ಬಿದ್ದ ದಿನವೇ ಬಿಸಾಡಿ. ಒಂದರ ಬೆಲೆ ಒಂದು ಲೀಟರ್ ಎಂಜಿನ್ ಆಯಿಲ್‌ಗಿಂತ ಕಡಿಮೆ. ಗಾಡಿಯ ಕೆಳಗೆ ಅಂಗಾತ ಮಲಗುವವನಿಗೆ ಸುತ್ತ ಮುಚ್ಚಿದ್ದೇ ಆಗಬೇಕು, ತುಕ್ಕು ನೇರ ಮೇಲಿಂದ ಉದುರುತ್ತದೆ. ಗ್ರೈಂಡರ್ ಹಿಡಿಯುವವನಿಗೆ ಗಾಗಲ್ಸ್ ಮೇಲೆ ಮುಖದ ಗುರಾಣಿಯೂ ಬೇಕು. 'ನನಗೆ ನಂಬರ್ ಕನ್ನಡಕ ಇದೆಯಲ್ಲ' ಅನ್ನುವ ಮೇಸ್ತ್ರಿಗಳಿದ್ದಾರೆ. ಅದರ ಎರಡೂ ಬದಿ ಬಾಗಿಲಿಲ್ಲದ ಮನೆ.

ಇನ್ನು ನಿಮ್ಮ ತಂದೆಯವರ 'ಕೈ ಹಿಡಿತ'. ಹಿರಿಯರ ಕೈಗೆ ನಮಸ್ಕಾರ. ಆದರೆ ಲೆಕ್ಕ ಅವರ ಪರವಾಗಿಲ್ಲ. ನಾಲ್ಕಿಂಚಿನ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅಲ್ಲಿಂದ ಚಿಮ್ಮಿದ ಕಿಡಿ ಅರ್ಧ ಮೀಟರ್ ದೂರದ ಮುಖ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ರೆಪ್ಪೆ ಮುಚ್ಚಲು ಹತ್ತನೇ ಒಂದು ಭಾಗವಾದರೂ ಬೇಕು. ಕಣ್ಣಿನ ಮುಂದಿನ ಪಾರದರ್ಶಕ ಪದರದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಲ್ಲಿ ಅಂಟಿದ ಕಬ್ಬಿಣ ಒಂದು ದಿನದೊಳಗೇ ತುಕ್ಕು ಹಿಡಿದು ಸುತ್ತ ಕಂದು ಬಳೆ ಮೂಡಿಸುತ್ತದೆ. ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಲಾಕು ಬಿಚ್ಚುವಾಗ ಟಣ್ ಎಂದು ಹಾರುತ್ತದೆ, ಅದಕ್ಕೆ ಮೇಸ್ತ್ರಿ ಯಾರು, ಹೆಲ್ಪರ್ ಯಾರು ಎಂಬ ಭೇದ ತಿಳಿಯದು.

ಬರ್ನಾರ್ಡಿನೊ ರಮಾಝಿನಿ ಎಂಬ ಇಟಲಿಯ ವೈದ್ಯನ ಬಗ್ಗೆ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆದರೆ ಬೇಸರಿಸಬೇಡಿ. ಮೊಡೆನಾ ಊರಿನ ಅವನ ಮನೆಯಲ್ಲಿ ಒಬ್ಬ ಮಲದ ಗುಂಡಿ ಬಳಿಯುತ್ತಿದ್ದ. ಇಷ್ಟೇಕೆ ಅವಸರ ಎಂದು ಕೇಳಿದ್ದಕ್ಕೆ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಲ್ಲಿ ಉಳಿದರೆ ಕುರುಡಾದಂತೆಯೇ ಎಂದನಂತೆ. ಅವನ ಕೆಂಪಾದ ಕಣ್ಣು ನೋಡಿದ ರಮಾಝಿನಿ ಕಸುಬುಗಳ ಕಾಯಿಲೆಗಳನ್ನೇ ಹುಡುಕಿಕೊಂಡು ಹೊರಟ, 1700ರಲ್ಲಿ ಪುಸ್ತಕ ತಂದ, ರೋಗಿಯನ್ನು 'ನಿನ್ನ ಕೆಲಸ ಏನಪ್ಪಾ' ಎಂದು ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟ. ನನ್ನ ಹಳೆಯ ಹಟ ಇದೇ: ಕಣ್ಣು ಕಳೆದುಕೊಂಡವನ ಬುದ್ಧಿ ಅಳೆಯುವ ಮೊದಲು ಅವನನ್ನು ಅವಸರಕ್ಕೆ ಹಚ್ಚಿದವರು ಯಾರು ಎಂದು ಕೇಳಿ.

ಅವಸರಕ್ಕೆ ಹಚ್ಚಿದವರಲ್ಲಿ ನಾನೂ ಒಬ್ಬ. ವರ್ಷಗಳ ಹಿಂದೆ ನನ್ನ ಕಾರಿನ ಸೈಲೆನ್ಸರ್ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಹುಡುಗ ಡೀಸೆಲ್ ಬಿಟ್ಟು, 'ನೆನೀಲಿ ಸಾರ್, ಅರ್ಧ ಗಂಟೆ' ಎಂದ. ನಾನು ಗಡಿಯಾರ ನೋಡಿಕೊಂಡೆ. ಅಷ್ಟಕ್ಕೇ ಮೇಸ್ತ್ರಿ 'ಉಳಿ ಹಾಕೋ' ಎಂದರು. ನಾಲ್ಕನೇ ಏಟಿಗೆ ಹುಡುಗ ಸುತ್ತಿಗೆ ಬಿಟ್ಟು ಮುಖ ಮುಚ್ಚಿಕೊಂಡ. ಮೇಸ್ತ್ರಿ ರೆಪ್ಪೆ ಮಗುಚಿ, ಕರ್ಚೀಫಿನ ತುದಿ ನಾಲಿಗೆಗೆ ಒದ್ದೆ ಮಾಡಿ ಏನನ್ನೋ ತೆಗೆದರು. 'ಏನಿಲ್ಲ ಸಾರ್' ಎಂದು ಆ ಹುಡುಗ ಒಂದೇ ಕಣ್ಣಲ್ಲಿ ಉಳಿದ ಬೋಲ್ಟ್ ಬಿಚ್ಚಿದ. ಬಿಲ್ಲಿನಲ್ಲಿ ನಾನು ಐವತ್ತು ರೂಪಾಯಿ ಚೌಕಾಸಿ ಮಾಡಿದೆ. ಅದೂ ಬರೆದಿರಲಿ.

ಕರ್ಚೀಫು, ಬೆಂಕಿಕಡ್ಡಿ, ನಂದಿಬಟ್ಟಲು, ಹರಳೆಣ್ಣೆ, ವೆಲ್ಡಿಂಗ್ ಹೊಡೆದ ರಾತ್ರಿ ಮರಳು ಸುರಿದಂತೆ ಉರಿಯುವ ಕಣ್ಣಿಗೆ ಆಲೂಗಡ್ಡೆ ಬಿಲ್ಲೆ. ಇವೆಲ್ಲ ನಮ್ಮ ಗ್ಯಾರೇಜುಗಳ ಔಷಧಾಲಯ. ಇವಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಡ್ರಾಪ್ಸ್. ಮರಗಟ್ಟಿಸುವ ಹನಿ ನೋವು ಕಳೆಯುತ್ತದೆ, ಗಾಯ ಮಾಯಲು ಬಿಡುವುದಿಲ್ಲ. ಸ್ಟೀರಾಯ್ಡ್ ಹನಿ ಕೆಂಪು ಇಳಿಸುತ್ತದೆ, ಒಳಗೆ ಬೂಸ್ಟು ಸೋಂಕಿದ್ದರೆ ಅದನ್ನು ಬೆಳೆಸುತ್ತದೆ. ಚೂರು ಹೊಕ್ಕರೆ ಉಜ್ಜದೆ ಡಾಕ್ಟರ ಬಳಿ ಓಡಬೇಕು. ಬ್ಯಾಟರಿ ಆಸಿಡ್ ಸಿಡಿದರೆ ಮಾತ್ರ ಮೊದಲು ನೀರು, ನಲ್ಲಿಯ ಕೆಳಗೆ ಕಣ್ಣು ಬಿಡಿಸಿ ಹಿಡಿದು ಕಾಲು ಗಂಟೆಗೆ ಕಡಿಮೆ ಇಲ್ಲದಂತೆ, ಆಮೇಲೆ ಆಟೋ. ನಿಮ್ಮ ಗ್ಯಾರೇಜಿನ ನಲ್ಲಿಯಲ್ಲಿ ಮಧ್ಯಾಹ್ನ ನೀರು ಬರುತ್ತದೆಯೇ?

ಕಾನೂನು ಏನು ಹೇಳುತ್ತದೆ ಎಂದು ಕೇಳುವ ಓದುಗರೂ ಇದ್ದಾರೆ. 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಕಣ್ಣಿನ ರಕ್ಷಣೆಗೆಂದೇ ಇತ್ತು. ಆದರೆ ಕರೆಂಟು ಬಳಸುವ ಕಡೆ ಹತ್ತು ಜನ ಇದ್ದರೆ ತಾನೇ ಅದು ಕಾರ್ಖಾನೆ? ನಿಮ್ಮಲ್ಲಿರುವವರು ಆರು. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಪರಿಹಾರದ ಲೆಕ್ಕ ಮಾತ್ರ ಬಲು ಚೊಕ್ಕ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿ ಇದ್ದು ಒಂದು ಕಣ್ಣು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 40 ನಷ್ಟ ಎಂದಿತ್ತು. ಗುಡ್ಡೆ ಉಳಿದು ನೋಟ ಮಾತ್ರ ಹೋದರೆ ಶೇ. 30. ಕಾಣದ ಗುಡ್ಡೆಯಿಂದ ಶೇ. 10ರಷ್ಟು ದುಡಿಯುವುದು ಹೇಗೆ ಎಂದು ಬಲ್ಲವರು ತಿಳಿಸಿದರೆ ಪ್ರಕಟಿಸುತ್ತೇವೆ.

ಕಾನೂನನ್ನು ಬೈದು ನಾವು ಜಾರಿಕೊಳ್ಳುವಂತಿಲ್ಲ. ಆಯುಧ ಪೂಜೆಯ ದಿನ ಗ್ರೈಂಡರಿಗೆ ಕುಂಕುಮ, ಕಂಪ್ರೆಸರಿಗೆ ಬಾಳೆಕಂದು, ಜಾಕಿಗೆ ಚೆಂಡುಹೂ. ಆ ಸಾಲಿನಲ್ಲಿ ಒಂದು ಗಾಗಲ್ಸ್ ಕಂಡ ನೆನಪು ನನಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದ ಗಾದೆಯೂ ಕೆಸರು ಕಣ್ಣಿಗೆ ಹಾರಿದರೇನು ಎಂದು ಕೇಳಲಿಲ್ಲ. ನಮ್ಮ ಪತ್ರಿಕೆಯಲ್ಲೇ ಕಣ್ಣಿನ ಲೇಖನ ಎಂದರೆ ಕಂಪ್ಯೂಟರ್ ಮುಂದೆ ಎಸಿಯಲ್ಲಿ ಕೂರುವವರದ್ದು. ನೀಲಿ ಬೆಳಕಿನ ಮೇಲೆ ಪುಟಗಟ್ಟಲೆ ಬರೆಸಿದ್ದೇವೆ, ವೆಲ್ಡಿಂಗ್ ಬೆಳಕಿನ ಮೇಲೆ ಒಂದು ಪ್ಯಾರಾ ಇಲ್ಲ. ಗ್ಯಾರೇಜಿನವರು ಪತ್ರಿಕೆ ಓದುವುದಿಲ್ಲ ಎಂಬುದು ನಮ್ಮ ಊಹೆ. ನಿಮ್ಮ ತಂದೆ ಓದುತ್ತಾರೆ.

ಅವರ ವಿಷಯ. ನೀವು ಅಭಿಮಾನದಿಂದ ಬರೆದ ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಮುಖ ಎಡಕ್ಕೆ ತಿರುಗಿಸಿ ಬಲಗಣ್ಣಲ್ಲಿ ಓದುವುದು ಯಾವಾಗಿನಿಂದ? ವಯಸ್ಸಿನ ಪೊರೆಯೇ ಇರಬಹುದು, ಹಾಗಿದ್ದರೆ ಸುಲಭ. ಆದರೆ ಉಳಿಯ ತಲೆಯಿಂದ ಸಿಡಿದ ಸಾಸಿವೆಗಿಂತ ಸಣ್ಣ ಉಕ್ಕಿನ ಚೂರು ಅಷ್ಟೇನೂ ನೋವಿಲ್ಲದೆ ಕಣ್ಣಿನೊಳಕ್ಕೆ ಹೊಕ್ಕು, ಹೊರಗಿನ ಗಾಯ ತಾನಾಗಿ ಮುಚ್ಚಿ, ಒಳಗಿನ ಕಬ್ಬಿಣ ವರ್ಷಗಟ್ಟಲೆ ಕರಗುತ್ತ ನೋಟವನ್ನು ತಿನ್ನುವುದುಂಟು. ಈ ವಾರವೇ ಕರೆದುಕೊಂಡು ಹೋಗಿ. ನಲವತ್ತು ವರ್ಷ ಉಳಿ ಸುತ್ತಿಗೆ ಹಿಡಿದವರು ಎಂದು ಡಾಕ್ಟರಿಗೆ ನೀವೇ ಹೇಳಿ, ಅವರಾಗಿ ಹೇಳುವ ಪೈಕಿ ಅಲ್ಲ. ಎಂಆರ್‌ಐ ಎಂದು ಯಾರಾದರೂ ಬರೆದರೆ ಅದರೊಳಗೆ ಹೋಗುವ ಮುನ್ನವೇ ಹೇಳಿ, ಆ ಯಂತ್ರದ ಅಯಸ್ಕಾಂತ ಕಣ್ಣಿನಲ್ಲಿರುವ ಚೂರನ್ನೂ ಎಳೆಯಬಲ್ಲದು.

ಕಿಡಿ ಬಿದ್ದ ಆ ಹುಡುಗನೂ ಜೊತೆಗೆ ಬರಲಿ, ಗಾಯದ ಕಲೆ ಉಳಿದಿದೆಯೇ ನೋಡಿಸಿ. ನಾಲ್ಕು ದಿನ ರಜೆ ಎಂದು ಬರೆದಿದ್ದೀರಿ. ಆ ನಾಲ್ಕು ದಿನದ ಸಂಬಳ ಕೊಟ್ಟಿರೋ, ಹಿಡಿದಿರೋ, ಅದನ್ನು ಬರೆದಿಲ್ಲ.